ಅಶ್ವತ್ಥಮ್ಮ ಹೇಳಿದ ಆಯಾಸ

ಶಿಡ್ಲಘಟ್ಟದ ದಾರಿಯಲ್ಲಿ ವಿಜಯಪುರ ದಾಟಿ ಮೇಲೂರು ಹತ್ತಿರವಾಗುತ್ತಿದ್ದಂತೆ ಆ ವಾಸನೆ ಬಸ್ಸಿನೊಳಗೆ ಬಂತು. ರೇಷ್ಮೆ ಗೂಡು ಬೇಯುವ ವಾಸನೆ. ಗೂಡು ಬಿಸಿನೀರಿನಲ್ಲಿ ಬೆಂದು, ನೂಲೆಲ್ಲ ಬಿಚ್ಚಿಕೊಂಡು ಹೋದ ಮೇಲೆ ಒಳಗಿನ ಹುಳು ಉಳಿಯುತ್ತದಲ್ಲ, ಅದರ ನಾತ. ರೂಢಿ ಇಲ್ಲದವರಿಗೆ ಹೊಟ್ಟೆ ತೊಳೆಸಿಬಿಡುತ್ತದೆ. ಮುಂದಿನ ಸೀಟಿನ ಹುಡುಗಿ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು ಕಿಟಕಿ ಎಳೆದಳು. ನಾನು ನನ್ನ ಕಿಟಕಿಯನ್ನು ಇನ್ನಷ್ಟು ಸರಿಸಿ ಮುಖ ಹೊರಗಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಈ ಮುದುಕಿಗೆ ತಲೆ ಕೆಟ್ಟಿದೆಯೇನೋ ಎನ್ನುವಂತೆ ನೋಡಿದಳು. ನೋಡಲಿ. ಅದು ನನಗೆ ಅಶ್ವತ್ಥಮ್ಮನ ಸೀರೆಯ ವಾಸನೆ.

ಅಶ್ವತ್ಥಮ್ಮ ಈಗ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಬಚ್ಚಿಟ್ಟುಕೊಂಡು ಓದುವವರನ್ನು ಆಡಿಸುವ ಬುದ್ಧಿ ನನಗಿಲ್ಲ, ಅವಳ ವಿಷಯದಲ್ಲಂತೂ ಬೇಡವೇ ಬೇಡ. ಅವಳು ಮೇಲೂರಿನಾಚೆಯ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯಾಗಿದ್ದಳು. ಮನೆಮನೆಗೆ ಹೋಗಿ ಬಸುರಿಯರನ್ನು, ಬಾಣಂತಿಯರನ್ನು, ಬಿಪಿ ಸಕ್ಕರೆ ಕಾಯಿಲೆಯವರನ್ನು ವಿಚಾರಿಸುವ ಕೆಲಸ. ಬಾಕಿ ಹೊತ್ತಿನಲ್ಲಿ ಗಂಡನ ಜೊತೆ ಮನೆಯ ಹಿಂದಿನ ಒಲೆಯ ಮುಂದೆ ಕೂತು ನೂಲು ಬಿಚ್ಚುತ್ತಿದ್ದಳು. ಅದಕ್ಕೇ ಆ ವಾಸನೆ ಅವಳ ಸೆರಗಿನಲ್ಲಿ, ಕೂದಲಲ್ಲಿ, ಅವಳು ಕೊಟ್ಟ ಕಾಫಿ ಲೋಟದಲ್ಲೂ ಇರುತ್ತಿತ್ತು.

ನಾನು ಆ ಸೀಮೆಗೆ ಹೋದದ್ದು ಕನ್ನಡ ಮೇಷ್ಟರ ಕೆಲಸದಿಂದ ನಿವೃತ್ತಿಯಾದ ಮರುವರ್ಷ. ಹುಟ್ಟಿದ್ದು, ಬೆಳೆದದ್ದು, ಪಾಠ ಹೇಳಿದ್ದು ಎಲ್ಲ ಮಂಡ್ಯದ ಕಡೆ. ರೋಗಿಗಳ ಮನೆಯವರಿಗೆ ಆರೈಕೆ ಕಲಿಸುವ ಒಂದು ಕಾರ್ಯಕ್ರಮಕ್ಕೆ ಸರಳ ಕನ್ನಡದಲ್ಲಿ ಪಾಠ ಬರೆದು, ಊರೂರಿಗೆ ಹೋಗಿ ತರಗತಿ ನಡೆಸುವವರು ಬೇಕಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ರೋಗಿಯನ್ನು ಹೇಗೆ ನೋಡಿಕೊಳ್ಳಬೇಕು, ಹಾಸಿಗೆ ಹಿಡಿದವರ ಮಗ್ಗುಲನ್ನು ಹೇಗೆ ಬದಲಿಸಬೇಕು, ಎಳೆಗೂಸನ್ನು ಹೇಗೆ ಎದೆಗೆ ಅಪ್ಪಿಕೊಂಡು ಬೆಚ್ಚಗಿಡಬೇಕು, ಇಂಥ ಪಾಠಗಳು. ಪ್ರತಿ ಪಾಠಕ್ಕೂ ಒಂದು ಪುಟ್ಟ ವಿಡಿಯೋ. ಅದನ್ನು ತೋರಿಸಲು ಟ್ಯಾಬು. ಅಜ್ಜಿಯರು ಅದನ್ನು ಸ್ಲೇಟು ಎಂದೇ ಕರೆಯುತ್ತಿದ್ದರು. ಶಿಡ್ಲಘಟ್ಟದಲ್ಲಿ ಒಂದು ರೂಮು ಮಾಡಿಕೊಂಡು ಒಂದು ವಾರ ಗೌರಿಬಿದನೂರಿಗೆ, ಇನ್ನೊಂದು ವಾರ ಚಿಂತಾಮಣಿಗೆ ಬಸ್ಸು ಹತ್ತುತ್ತಿದ್ದೆ.

ಅಲ್ಲಿನ ಮಾತು ನನಗೆ ಮೊದಮೊದಲು ಸಿಟ್ಟು ತರಿಸುತ್ತಿತ್ತು. ಒಂದು ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಮಗುವಿಗೆ ಕನ್ನಡದಲ್ಲಿ ಬೈದು ತೆಲುಗಿನಲ್ಲಿ ಮುದ್ದು ಮಾಡುತ್ತಾರೆ. ಮೂಗು ಮುರಿದ ನನಗೆ ಅಶ್ವತ್ಥಮ್ಮ ಮೊದಲ ದಿನವೇ ಸರಿಯಾಗಿ ಉತ್ತರ ಕೊಟ್ಟಳು.

"ಟೀಚರಮ್ಮ, ನಮ್ಗೆ ಎರಡು ಅಡುಗೆ ಮನೆ ಐತೆ ಅಂದ್ಕೊಳ್ಳಿ. ಉಪ್ಪು ಈ ಮನೇಲಿ ಖಾಲಿ ಆದ್ರೆ ಆ ಮನೆಯಿಂದ ತರ್ತೀವಿ. ನಿಮ್ಗೆ ಒಂದೇ ಮನೆ, ಪಾಪ."

ತರಗತಿಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು. ಅಂದಿನಿಂದ ನಾವಿಬ್ಬರೂ ಸ್ನೇಹಿತೆಯರಾದೆವು. ಅವಳಿಗೆ ನನ್ನ ಮಗಳ ವಯಸ್ಸು. ಗುಂಡು ಮುಖ, ಸ್ವಲ್ಪ ಕುಳ್ಳಿ, ಕೆನ್ನೆಯಲ್ಲಿ ಯಾವಾಗಲೂ ಒಂದು ಕೆಂಪು. ಆ ಕೆಂಪನ್ನು ನೋಡಿ ಎಂಥ ಆರೋಗ್ಯ ಈ ಹುಡುಗಿಗೆ ಎಂದುಕೊಳ್ಳುತ್ತಿದ್ದೆ. ಅದು ಆರೋಗ್ಯದ ಕೆಂಪಲ್ಲ ಎಂದು ನನಗೆ ಯಾರು ಹೇಳಬೇಕಿತ್ತು!

ಅವಳ ದೊಡ್ಡ ಆಸ್ತಿ ಎಂದರೆ ದನಿ. ಸ್ವಲ್ಪ ದಪ್ಪ ದನಿ, ಒಳಗೊಂದು ನಗು ಸೇರಿಕೊಂಡಂಥದು. ಅವಳು "ಏನಮ್ಮಾ, ಮಾತ್ರೆ ನುಂಗಿದ್ಯಾ?" ಎಂದು ಕೇಳಿದರೆ ನುಂಗದವರೂ ಎದ್ದು ಹೋಗಿ ನುಂಗಬೇಕು, ಹಾಗೆ.

ಆ ದನಿ ನಮಗೆ ಬೇಕಾದ ಸಂದರ್ಭ ಮಳೆಗಾಲದಲ್ಲಿ ಬಂತು. ಕಾರ್ಯಕ್ರಮದಲ್ಲಿ ಇನ್ನೊಂದು ಏರ್ಪಾಟಿತ್ತು. ವಾರಕ್ಕೊಮ್ಮೆ ರೋಗಿಗಳ ಫೋನಿಗೆ ತಾನಾಗಿಯೇ ಒಂದು ಕರೆ ಹೋಗುತ್ತದೆ. ಅದರಲ್ಲಿ ಮೊದಲೇ ರೆಕಾರ್ಡು ಮಾಡಿದ ಪ್ರಶ್ನೆಗಳು. ಹೌದಾದರೆ ಒಂದು ಒತ್ತಬೇಕು, ಇಲ್ಲವಾದರೆ ಎರಡು. ವಯಸ್ಸಾದವರಿಗೆ ಕನ್ನಡಕ ಹುಡುಕಲು ಹೊತ್ತು ಬೇಕಲ್ಲ, ಅದಕ್ಕೆ ಏನೂ ಒತ್ತದಿದ್ದರೆ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತದೆ. ಆಗಲೂ ಒತ್ತದಿದ್ದರೆ ಮುಂದಿನ ಪ್ರಶ್ನೆಗೆ ಹೋಗುತ್ತದೆ, ಆಶಾ ಕಾರ್ಯಕರ್ತೆಗೆ ಸುದ್ದಿ ಹೋಗಿ ಅವಳು ಮನೆಗೇ ಬಂದು ವಿಚಾರಿಸುತ್ತಾಳೆ. ಒಳ್ಳೆಯ ಏರ್ಪಾಟೇ. ಆದರೆ ಕರೆಯಲ್ಲಿ ಮಾತಾಡುತ್ತಿದ್ದವಳು ಯಾರೋ ಬೆಂಗಳೂರಿನ ಹುಡುಗಿ. "ನಮಸ್ಕಾರ, ತಾವು ಇಂದಿನ ಔಷಧಿಯನ್ನು ಸೇವಿಸಿರುವಿರಾ?" ಜೀವನವಿಡೀ ಕನ್ನಡ ಪಾಠ ಹೇಳಿದ ನಾನೇ ಯಾರನ್ನೂ ಹಾಗೆ ಕೇಳಿದ್ದಿಲ್ಲ. ಊರಿನವರು ಲೋನ್ ಕೊಡುವ ಕಂಪನಿಯ ಫೋನೆಂದು ತಿಳಿದು ಕುಕ್ಕಿಬಿಡುತ್ತಿದ್ದರು. ಈ ಊರಿನದೇ ದನಿ ಬೇಕೆಂದು ನಾನು ಹಟ ಹಿಡಿದೆ. ಬೆಂಗಳೂರಿನ ಆಫೀಸು ಒಪ್ಪಿ, ಪ್ರಮೋದ ಎನ್ನುವ ಒಬ್ಬ ಹುಡುಗನನ್ನು ಮೈಕು ಕೊಟ್ಟು ಕಳಿಸಿತು.

ಊರಲ್ಲಿ ಸದ್ದಿಲ್ಲದ ಜಾಗ ಎಲ್ಲಿದೆ? ಆಸ್ಪತ್ರೆಯಲ್ಲಿ ಮಕ್ಕಳ ಅಳು, ಶಾಲೆಯಲ್ಲಿ ಮಗ್ಗಿ, ಮನೆಗಳಲ್ಲಿ ನೂಲಿನ ಯಂತ್ರ. ಕೊನೆಗೆ ಅಶ್ವತ್ಥಮ್ಮನೇ ದಾರಿ ತೋರಿಸಿದಳು. ಅವಳ ತಾಯಿ ನಾರಾಯಣಮ್ಮನ ಮನೆಯಲ್ಲಿ ಹುಳು ಸಾಕುತ್ತಿದ್ದರು. ಅಲ್ಲಿ ಹಿಪ್ಪುನೇರಳೆ ಸೊಪ್ಪನ್ನು ಬಾಡದಂತೆ ಒದ್ದೆ ಗೋಣಿ ಮುಚ್ಚಿಡುವ ಒಂದು ಕೋಣೆ ಇತ್ತು. ಕಿಟಕಿ ಇಲ್ಲ, ತಣ್ಣಗೆ, ಸೊಪ್ಪಿನ ರಾಶಿ ಸದ್ದನ್ನೆಲ್ಲ ನುಂಗಿಬಿಡುತ್ತದೆ. ಪ್ರಮೋದ ಒಳಗೆ ಕಾಲಿಟ್ಟವನೇ "ಮೇಡಂ, ನಮ್ ಸ್ಟುಡಿಯೋಗಿಂತ ಚೆನ್ನಾಗಿದೆ" ಎಂದ. ನಾರಾಯಣಮ್ಮ ಬಾಗಿಲಲ್ಲಿ ಕೂತು ಕೋಳಿಗಳನ್ನು ಓಡಿಸುವ ಜವಾಬ್ದಾರಿ ವಹಿಸಿಕೊಂಡಳು.

ಪ್ರಶ್ನೆಗಳು ಬೆಂಗಳೂರಿನಿಂದ ಬರೆದು ಬಂದಿದ್ದವು. ನಿಮ್ಮ ಕಾಲು ಊದಿಕೊಂಡಿದೆಯೇ? ನಿಮಗೆ ಆಯಾಸವಾಗುತ್ತಿದೆಯೇ? ತಲೆ ಸುತ್ತು ಬರುತ್ತಿದೆಯೇ? ಅಶ್ವತ್ಥಮ್ಮ ಅವನ್ನು ತನ್ನ ಬಾಯಿಗೆ ಒಗ್ಗುವಂತೆ ತಿರುಗಿಸಿಕೊಂಡಳು, ಅಷ್ಟಕ್ಕೇ ಬಿಡದೆ ಪ್ರತಿಯೊಂದಕ್ಕೂ ಒಂದು ಬಾಲ ಅಂಟಿಸಿದಳು.

"ಕಾಲು ಊದೈತಾ ಅಮ್ಮಾ? ಚಪ್ಪಲಿ ಬಿಗಿ ಆಗ್ತಾ ಐತಾ?"

"ಆಯಾಸ ಆಗ್ತದಾ? ನಾಕು ಹೆಜ್ಜೆ ಇಟ್ರೆ ಮಧ್ಯ ನಿಂತ್ಕೋಬೇಕು ಅನ್ನಿಸ್ತದಾ?"

ಈ ಎರಡನೆಯದನ್ನು ಹೇಳುವಾಗ ಅವಳೇ ಮಧ್ಯದಲ್ಲಿ ನಿಂತಳು. ಬಾಯಿ ತೆರೆದು ಒಂದು ಉಸಿರು ಎಳೆದುಕೊಂಡು ಮಿಕ್ಕರ್ಧ ಹೇಳಿದಳು. ಮತ್ತೊಮ್ಮೆ ಹೇಳಿಸಿದರೂ ಅಲ್ಲಿಯೇ ನಿಂತಳು. ಅವಳಿಗೆ ನಾಚಿಕೆಯಾಯಿತು.

"ಸಾರಿ ಕಣಪ್ಪ. ಈ ಮೈಕು ನೋಡಿದ್ರೆ ಎದೆ ಡವಡವ ಅಂತೈತೆ."

"ಪರವಾಗಿಲ್ಲ ಅಕ್ಕ. ಉಸಿರಿನ ಸೌಂಡ್ ಎಲ್ಲ ನಾನು ಆಮೇಲೆ ತೆಗೀತೀನಿ. ಸಾಫ್ಟ್‌ವೇರ್ ಇದೆ. ನೀಟಾಗಿ ಬರುತ್ತೆ" ಎಂದ ಪ್ರಮೋದ.

ಬಾಲಗಳನ್ನೂ ತೆಗೆದ. ಒಂದು ಪ್ರಶ್ನೆಗೆ ಒಂದೇ ವಾಕ್ಯವೆಂದು ಆಫೀಸಿನ ನಿಯಮವಂತೆ. ಅಶ್ವತ್ಥಮ್ಮನಿಗೆ ಸ್ವಲ್ಪ ಬೇಜಾರಾಯಿತು. "ಬಾಲ ಇಲ್ದಿದ್ರೆ ನಮ್ಮೋರು ಏನಂತ ತಿಳ್ಕೋತಾರೋ" ಎಂದಳು. ವಾರದೊಳಗೆ ಕರೆಗಳು ಹೋಗತೊಡಗಿದವು. ದನಿ ಗಂಟೆ ಹೊಡೆದಂತೆ ಬಂದಿತ್ತು, ಎಲ್ಲೂ ಒಂದು ತಡವರಿಕೆ ಇಲ್ಲ. ಜನ ಫೋನು ಕುಕ್ಕುವುದನ್ನು ಬಿಟ್ಟರು. ಕೆಲವರು ಅವಳೇ ಫೋನು ಮಾಡಿದ್ದಾಳೆಂದು ತಿಳಿದು "ಇರೇ ಅಶ್ವತ್ಥಮ್ಮ, ಹಾಲು ಉಕ್ತಾ ಐತೆ" ಎಂದು ಹೇಳಿ ಒಲೆಯ ಹತ್ತಿರ ಓಡುತ್ತಿದ್ದರು. ಅವಳು ಬೀದಿಯಲ್ಲಿ ಹೋದರೆ ಹುಡುಗರು "ಹೌದಾದ್ರೆ ಒಂದು ಒತ್ತಿ" ಎಂದು ಕೂಗುತ್ತಿದ್ದರು. ನಾವೆಲ್ಲ ಎಷ್ಟು ಖುಷಿಯಾಗಿದ್ದೆವು ಆ ತಿಂಗಳಲ್ಲಿ.

ಆ ವರ್ಷ ಚಳಿ ಬೇಗ ಬಂತು. ರಾಗಿ ಕೊಯ್ಲು ಮುಗಿಯುವ ಮೊದಲೇ ಬೆಳಗಿನ ಹೊತ್ತು ಎದುರಿನ ಬೆಟ್ಟ ಕಾಣದಷ್ಟು ಮಂಜು. ಮಾರುಕಟ್ಟೆಯಲ್ಲಿ ಅವರೆಕಾಯಿ ರಾಶಿ ಬಿದ್ದಿತ್ತು, ಯಾರ ಮನೆಗೆ ಹೋದರೂ ಅವರೆಕಾಳಿನ ಸಾರು. ನಾನು ಬೇರೆ ತಾಲ್ಲೂಕಿನ ತರಗತಿಗಳಿಗೆ ಅಶ್ವತ್ಥಮ್ಮನನ್ನೂ ಕರೆದುಕೊಂಡು ಹೋಗಲು ಶುರುಮಾಡಿದ್ದೆ. ನಾನು ಬರೆದ ಪಾಠ ಅವಳ ಬಾಯಲ್ಲಿ ಮಾತಾಗುತ್ತಿತ್ತು. ಮಂಚೇನಹಳ್ಳಿಗೆ ಹೋದ ದಿನ ಬಸ್ ಸ್ಟ್ಯಾಂಡಿನಿಂದ ತರಗತಿ ನಡೆಯುವ ಶಾಲೆಗೆ ನಡೆದುಕೊಂಡು ಹೊರಟೆವು. ಅರ್ಧ ದಾರಿಯಲ್ಲಿ ಅವಳು ಒಂದು ಅಂಗಡಿಯ ಮುಂದೆ ನಿಂತು ಬಳೆ ನೋಡತೊಡಗಿದಳು. ಇನ್ನೊಂದಷ್ಟು ದೂರ ಹೋಗಿ ಪಾತ್ರೆ ಅಂಗಡಿಯ ಮುಂದೆ ನಿಂತಳು. ಏನೂ ಕೊಳ್ಳಲಿಲ್ಲ. ತರಗತಿಗೆ ತಡವಾಗುತ್ತದೆಂದು ನಾನು ಗೊಣಗಿದೆ.

"ನಡೀರಿ ನಡೀರಿ, ಮೇಷ್ಟ್ರಿಗೆ ಯಾವಾಗ್ಲೂ ಗಂಟೆ ಹೊಡೆಯೋ ಚಿಂತೆ" ಎಂದು ನಕ್ಕಳು.

ಅಂದಿನ ಪಾಠ, ಪರದೆಯ ಮೇಲೆ ಡಾಕ್ಟರನ್ನು ಕಾಣುವುದು ಹೇಗೆ ಎಂಬುದು. ಆ ಚಳಿಗಾಲದಲ್ಲಿ ಎಷ್ಟೋ ಕಡೆ ಡಾಕ್ಟರಿಲ್ಲದೆ ಜನ ಒದ್ದಾಡುತ್ತಿದ್ದರು. ಟ್ಯಾಬಿನಲ್ಲಿ ದೂರದ ಊರಿನ ಡಾಕ್ಟರಿಗೆ ಕರೆ ಮಾಡಿ ಮುಖ ನೋಡಿಕೊಂಡು ಕಾಯಿಲೆ ಹೇಳಿಕೊಳ್ಳಬಹುದಿತ್ತು. ಆಶಾ ಕಾರ್ಯಕರ್ತೆಯರು ಅದನ್ನು ಮೊದಲು ತಾವು ಕಲಿಯಬೇಕು. ಅಭ್ಯಾಸಕ್ಕೆ ಯಾರಾದರೂ ರೋಗಿಯಾಗಿ ಕೂರಬೇಕಿತ್ತು. ಎಲ್ಲರೂ ಒಬ್ಬರನ್ನೊಬ್ಬರು ತಳ್ಳತೊಡಗಿದಾಗ ಅಶ್ವತ್ಥಮ್ಮ ಎದ್ದು ಬಂದು ಕುರ್ಚಿಯಲ್ಲಿ ಕೂತು ಸೆರಗು ಹೊದ್ದುಕೊಂಡಳು.

"ನಾನೇ ರೋಗಿ ಆಗ್ತೀನಿ ಬಿಡಿ. ಬಾ ಅಪ್ಪಾ ಡಾಕ್ಟ್ರೇ."

ಪರದೆಯ ಮೇಲೆ ಡಾಕ್ಟರು ಬಂದರು. ಉತ್ತರ ಕರ್ನಾಟಕದ ಕಡೆಯವರು, ಚಿಕ್ಕ ವಯಸ್ಸು, ಬಹಳ ಸೌಮ್ಯ. ಏನು ತೊಂದರೆ ಎಂದು ಕೇಳಿದರು.

"ಆಯಾಸ ಸಾರ್."

"ಯಾವಾಗಿಂದ?"

"ಮಳೆಗಾಲದಿಂದ್ಲೇ ಇತ್ತು. ಚಳಿ ಬಂದ್ಮೇಲೆ ಜಾಸ್ತಿ ಆಗೈತೆ. ಊರಾಚೆ ಮನೆಗಳಿಗೆ ಹೋದ್ರೆ ಬಹಳ ಆಯಾಸ ಆಗ್ತದೆ."

"ಕೆಲಸ ಭಾಳ ಇರ್ತದೇನ್ರಿ?"

"ಅಯ್ಯೋ, ನಮ್ಮ ಕೆಲ್ಸ ಕೇಳ್ಬೇಡಿ ಸಾರ್. ಮನೆ ಕೆಲ್ಸ, ಆಶಾ ಕೆಲ್ಸ, ಒಲೆ ಕೆಲ್ಸ!"

ಹೆಂಗಸರೆಲ್ಲ ಹೋ ಎಂದು ನಕ್ಕರು. ಡಾಕ್ಟರೂ ನಕ್ಕರು. ಅವಳ ರಕ್ತ ಪರೀಕ್ಷೆಯನ್ನೂ ಅಭ್ಯಾಸಕ್ಕೆಂದು ಅಲ್ಲಿಯೇ ಮಾಡಿ ತೋರಿಸಿದ್ದರು, ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆಯೇ ಇತ್ತು. ದುಡಿಯುವ ಹೆಂಗಸರಿಗೆ ಇದು ಸಾಮಾನ್ಯ, ಕಬ್ಬಿಣಾಂಶದ ಮಾತ್ರೆ ತಗೊಳ್ಳಿ, ಸೊಪ್ಪು ತಿನ್ನಿ, ಚೆನ್ನಾಗಿ ನಿದ್ದೆ ಮಾಡಿ ಎಂದು ಡಾಕ್ಟರು ಹೇಳಿದರು. ಕರೆ ಮುಗಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಠ ಎಷ್ಟು ಚೆನ್ನಾಗಿ ಆಯಿತೆಂದರೆ ಅದರ ವಿಡಿಯೋವನ್ನು ಬೇರೆ ತರಗತಿಗಳಲ್ಲೂ ತೋರಿಸಬಹುದು ಎಂದುಕೊಂಡೆವು.

ಅವಳು ನಾಟಕ ಆಡಿರಲಿಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಮನೆಯಲ್ಲಿ ಹೇಳಿಕೊಂಡರೆ ಕೆಲಸ ಬಿಡು ಎನ್ನುತ್ತಾರೆ, ಆಸ್ಪತ್ರೆಗೆ ಹೋದರೆ ಒಂದು ದಿನವೇ ಬೇಕು, ಹೇಗೂ ಡಾಕ್ಟರು ಸಿಕ್ಕಿದ್ದಾರೆ ಕೇಳಿಯೇಬಿಡೋಣ ಎಂದು ಅವಳು ಆ ಕುರ್ಚಿಯಲ್ಲಿ ಕೂತಿದ್ದಳು. ಅಂದಿನಿಂದ ಆ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ನುಂಗಿದಳು. ಊರಿಗೆಲ್ಲ ಮಾತ್ರೆ ತಪ್ಪಿಸಬೇಡಿ ಎಂದು ಹೇಳುವವಳು ತಾನು ತಪ್ಪಿಸುತ್ತಾಳೆಯೇ?

ಆಮೇಲೆ ನನಗೆ ಚಿಂತಾಮಣಿಯ ಕಡೆಯ ತರಗತಿಗಳು ಸಾಲಾಗಿ ಬಂದವು. ಫೋನಿನಲ್ಲಿ ಮಾತಾಡುತ್ತಿದ್ದೆವು. ದನಿ ಸ್ವಲ್ಪ ಸೋತಂತಿತ್ತು, ನೆಗಡಿ ಎಂದಳು. ಸಂಕ್ರಾಂತಿಗೆ ಬನ್ನಿ, ಎಳ್ಳು ಬೀರೋಕೆ ನೀವಿರಬೇಕು ಎಂದು ಕರೆದಿದ್ದಳು. ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗ ಅವಳ ಗಂಡ ಶ್ರೀನಿವಾಸ ಫೋನು ಮಾಡಿದ. ಹಿಂದಿನ ದಿನ ಒಲೆಯ ಮುಂದೆ ಕೂತಿದ್ದವಳು ಉಸಿರು ಕಟ್ಟಿದಂತಾಗಿ ಎದ್ದು ಬಾಗಿಲಿಗೆ ಬಂದು ಕುಸಿದಳಂತೆ. ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದ್ದರು.

ನಾನು ಹೋದಾಗ ವಾರ್ಡಿನಲ್ಲಿ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಅವಳು ಮಲಗಿರಲಿಲ್ಲ, ದಿಂಬುಗಳಿಗೆ ಒರಗಿ ಕೂತಿದ್ದಳು, ಮೂಗಿಗೆ ಆಮ್ಲಜನಕದ ಕೊಳವೆ. ಮಲಗಿದರೆ ಉಸಿರು ಸಿಕ್ಕುವುದಿಲ್ಲವಂತೆ. ಮನೆಯಲ್ಲೂ ಎಷ್ಟೋ ದಿನದಿಂದ ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಿದ್ದಳೆಂದು ನಾರಾಯಣಮ್ಮ ಹೇಳಿದಳು. ಮಗಳ ಕಾಲಬುಡದಲ್ಲಿ ಕೂತು ಆ ಊದಿದ ಪಾದಗಳನ್ನು ಸೆರಗಿನಿಂದ ಮುಚ್ಚುತ್ತಿದ್ದಳು.

ಹೃದಯದ ಒಂದು ಕವಾಟ ಕಿರಿದಾಗಿದೆ ಎಂದು ಅಲ್ಲಿ ಗೊತ್ತಾಗಿತ್ತು. ಚಿಕ್ಕವಳಿದ್ದಾಗ ಗಂಟಲು ನೋವು, ಜ್ವರ, ಕೀಲು ನೋವು ಬಂದು ಹೋಗಿತ್ತಂತೆ, ಅದು ಅಂದೇ ಹೃದಯವನ್ನು ಕಚ್ಚಿ ಹೋಗಿತ್ತು. ಕೆನ್ನೆಯ ಆ ಕೆಂಪೂ ಅದೇ ಕಾಯಿಲೆಯದಂತೆ. ಇದನ್ನು ಗುರುತಿಸಿದ ಬಗೆಯನ್ನು ನಾರಾಯಣಮ್ಮನೇ ಹೇಳಿದಳು. ಅಡ್ಮಿಟ್ ಆದಾಗ ಇದ್ದ ನರ್ಸಮ್ಮ ಬಾಗೇಪಲ್ಲಿಯ ಕಡೆಯವಳು, ಮನೆಮಾತು ತೆಲುಗು. ಏನಾಗ್ತಿದೆ ಎಂದು ಕೇಳಿದ್ದಕ್ಕೆ ಅಶ್ವತ್ಥಮ್ಮ "ಆಯಾಸ" ಎಂದಳು. ನರ್ಸಮ್ಮ "ಆಯಾಸಮಾ? ಎಪ್ಪಟ್ನುಂಚಿ?" ಎಂದು, ಯಾವಾಗಿನಿಂದ ಎಂದು, ಗಾಬರಿಯಿಂದ ಕೇಳಿದವಳೇ ಡಾಕ್ಟರನ್ನು ಕರೆಯಲು ಓಡಿದಳಂತೆ.

ನನಗೆ ಅರ್ಥವಾಗಲಿಲ್ಲ. ಆಯಾಸಕ್ಕೆ ಯಾಕೆ ಓಡಬೇಕು?

ಅಶ್ವತ್ಥಮ್ಮ ನನ್ನ ಮುಖ ನೋಡಿದಳು. ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಟೀಚರಮ್ಮ, ನಿಮ್ಮ ಕಡೆ ಆಯಾಸ ಅಂದ್ರೇನು?"

"ದಣಿವು. ಸುಸ್ತು."

"ಸುಸ್ತಾ?" ಅವಳು ಕಣ್ಣರಳಿಸಿದಳು. "ಸುಸ್ತಾದ್ರೆ ಸುಸ್ತು ಅಂತಿದ್ನಲ್ಲಮ್ಮ. ನಮ್ಮ ಕಡೆ ಆಯಾಸ ಅಂದ್ರೆ ಇದು." ಮೂಗಿನ ಕೊಳವೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು. "ಉಸಿರು ಸಿಕ್ದೇ ಇರೋದು. ಎಲ್ರೂ ಹಂಗೇ ಅನ್ನೋದು. ಅಮ್ಮನ್ನ ಕೇಳಿ."

ನಾರಾಯಣಮ್ಮ ತಲೆಯಾಡಿಸಿದಳು. ತೆಲುಗಿನಲ್ಲಿ ಆಯಾಸಂ ಎಂದರೆ ಏದುಸಿರು. ಅದೇ ಮಾತು, ಅದೇ ಅಕ್ಷರಗಳು. ಅಶ್ವತ್ಥಮ್ಮ ಆ ಮನೆಯ ಉಪ್ಪು ತಂದು ಈ ಮನೆಯ ಡಬ್ಬಿಯಲ್ಲಿ ಹಾಕಿದ್ದಳು. ಡಬ್ಬಿಯ ಮೇಲಿನ ಹೆಸರನ್ನಷ್ಟೇ ನಾವು ಓದಿದ್ದೆವು. ಮಂಚೇನಹಳ್ಳಿಯ ಆ ಕುರ್ಚಿಯಲ್ಲಿ ಕೂತು ಅವಳು ಉಸಿರು ಸಿಗುತ್ತಿಲ್ಲ ಡಾಕ್ಟರೇ ಎಂದಿದ್ದಳು. ಡಾಕ್ಟರಿಗೆ ಕೇಳಿಸಿದ್ದು ದಣಿವು ಎಂದು. ಇಬ್ಬರದೂ ಒಳ್ಳೆಯ ಕನ್ನಡವೇ. ಯಾರ ಮೇಲೆ ಸಿಟ್ಟು ಮಾಡಲಿ? ಆದರೂ ಸಿಟ್ಟು ಬಂತು, ಒಟ್ಟಾರೆ ಎಲ್ಲದರ ಮೇಲೂ ಬಂತು. ಬಳೆ ಅಂಗಡಿಯ ಮುಂದೆ ಅವಳು ನಿಂತದ್ದು ಬಳೆ ನೋಡಲಲ್ಲ ಎಂದು ಹೊಳೆದು ಅತ್ತುಬಿಟ್ಟೆ.

ಅವಳು ನನ್ನ ಕೈ ಹಿಡಿದುಕೊಂಡಳು. ಸಮಾಧಾನ ಹೇಳಬೇಕಾದವಳು ನಾನು, ಹೇಳಿದವಳು ಅವಳು.

"ಅಳಬೇಡಿ. ಬೆಂಗ್ಳೂರಲ್ಲಿ ಆಪರೇಷನ್ ಮಾಡ್ತಾರಂತೆ, ಸರಿ ಹೋಗ್ತದೆ. ನೀವು ಒಂದು ಕೆಲ್ಸ ಮಾಡಿ. ನಮ್ಮ ಫೋನಲ್ಲಿ ಆ ಪ್ರಶ್ನೆ ಐತಲ್ಲ, ಆಯಾಸ ಆಗ್ತದಾ ಅಂತ. ಅದಕ್ಕೆ ಹೌದು ಅಂತ ಒತ್ತಿದೋರಿಗೆ ಏನು ಹೇಳ್ತದೆ ಅದು?"

ವಿಶ್ರಾಂತಿ ತಗೊಳ್ಳಿ ಎಂದು ಹೇಳುತ್ತಿತ್ತು. ಅವಳದೇ ದನಿಯಲ್ಲಿ. ನಾನು ಹೇಳಬೇಕಾಗಿ ಬರಲಿಲ್ಲ, ಅವಳಿಗೇ ನೆನಪಾಯಿತು.

"ನಾನೇ ಹೇಳಿದ್ದಲ್ವಾ" ಎಂದಳು ಮೆಲ್ಲಗೆ. ಆಮೇಲೆ "ಬದ್ಲಾಯಿಸ್ಬಿಡಿ. ನನ್ನ ಬಾಲ ವಾಪಸ್ ಹಾಕಿಸಿ" ಎಂದಳು.

ಬೆಂಗಳೂರಿಗೆ ಕರೆದುಕೊಂಡು ಹೋದರು. ಆಪರೇಷನ್ನಿಗೆ ಮೊದಲು ಶ್ವಾಸಕೋಶದ ನೀರು ಇಳಿಯಬೇಕಿತ್ತು. ಇಳಿಯಲಿಲ್ಲ. ಹೃದಯ ಬಹಳ ದಿನದಿಂದ ಒಂಟಿಯಾಗಿ ಏಗಿ ಸೋತಿದೆ, ಕೆಲವು ತಿಂಗಳು ಮೊದಲು ಬಂದಿದ್ದರೆ ಎಂದು ಡಾಕ್ಟರು ಶ್ರೀನಿವಾಸನಿಗೆ ಹೇಳಿದರಂತೆ. ಸಂಕ್ರಾಂತಿಯ ಮರುದಿನ ಅಶ್ವತ್ಥಮ್ಮ ತೀರಿಕೊಂಡಳು. ಎಳ್ಳು ಬೀರಲು ಅವಳು ತಂದಿಟ್ಟಿದ್ದ ಸಕ್ಕರೆ ಅಚ್ಚುಗಳು ಮನೆಯಲ್ಲಿ ಹಾಗೇ ಇದ್ದವು. ಮಣ್ಣಿಗೆ ಬಂದ ಜನರಲ್ಲಿ ಅರ್ಧದಷ್ಟು ಮಂದಿಗೆ ಅವಳು ಮಾತ್ರೆ ನುಂಗಿಸಿದ್ದಳು. ನಾನು ಅಲ್ಲಿ ನಿಂತು ಮಕ್ಕಳಂತೆ ಅತ್ತೆ. ಇಷ್ಟು ವಯಸ್ಸಾದ ನನ್ನನ್ನು ಬಿಟ್ಟು ಅವಳನ್ನು ಕರೆದುಕೊಂಡ ದೇವರ ಮೇಲೆ ನನಗೆ ಇವತ್ತಿಗೂ ಕೋಪವಿದೆ.

ಕರೆಗಳನ್ನು ನಿಲ್ಲಿಸಿದರು. ಸತ್ತವಳ ದನಿಯಲ್ಲಿ ಫೋನು ಹೋಗುವುದು ಚೆನ್ನಾಗಿರುವುದಿಲ್ಲ, ಬೇರೆಯವರಿಂದ ಹೇಳಿಸೋಣ ಎಂದು ಆಫೀಸಿನವರು ಮೀಟಿಂಗ್ ಕರೆದರು. ಅವರು ಹೇಳುವುದೂ ಸರಿಯೇ. ಆದರೆ ಆಸ್ಪತ್ರೆಯಲ್ಲಿ ಅವಳು ಹಿಡಿದ ಕೈ ನನ್ನದು. ಮೊದಲು ಮನೆಯವರನ್ನು ಕೇಳಿ ಎಂದೆ. ಶ್ರೀನಿವಾಸ ಅತ್ತೆಯ ಕಡೆ ನೋಡಿದ. ನಾರಾಯಣಮ್ಮ ಒಂದೇ ಮಾತು ಹೇಳಿದಳು.

"ಅವ್ಳೇ ಕೇಳ್ಲಿ ಬಿಡಮ್ಮ. ಅವ್ಳ ಕೆಲ್ಸ ಅದು."

ಪ್ರಮೋದ ಹಳೆಯ ರೆಕಾರ್ಡಿಂಗ್ ಹುಡುಕಿ ತೆಗೆದ. ಸ್ವಚ್ಛ ಮಾಡುವ ಮೊದಲಿನದು, ಸೊಪ್ಪಿನ ಕೋಣೆಯಲ್ಲಿ ಹೇಗೆ ಹೇಳಿದ್ದಳೋ ಹಾಗೇ ಇದ್ದದ್ದು. ನಾವಿಬ್ಬರೂ ಕೂತು ಕೇಳಿದೆವು. "ಆಯಾಸ ಆಗ್ತದಾ? ನಾಕು ಹೆಜ್ಜೆ ಇಟ್ರೆ..." ಅಲ್ಲಿ ಆ ಉಸಿರು. ಒಳಗೆ ಸಾಲದೆ, ಹೊರಗಿನಿಂದ ಎಳೆದು ಎಳೆದು ತುಂಬಿಕೊಂಡ ಉಸಿರು. ಈಗ ಅದೊಂದು ಬಿಟ್ಟು ಬೇರೆ ಏನೂ ನಮಗೆ ಕೇಳಿಸಲಿಲ್ಲ. ಎಷ್ಟು ಸ್ಪಷ್ಟವಾಗಿತ್ತು! ಬೇಡದ ಸದ್ದು ಎಂದು ಅದನ್ನೇ ಹೆಕ್ಕಿ ತೆಗೆದಿದ್ದ ಹುಡುಗ ಹೆಡ್‌ಫೋನು ಮೇಜಿನ ಮೇಲಿಟ್ಟು ಎದ್ದು ಹೊರಗೆ ಹೋದ. ತುಂಬಾ ಹೊತ್ತಾದ ಮೇಲೆ ಮುಖ ತೊಳೆದುಕೊಂಡು ಬಂದ.

"ಇದನ್ನ ಕ್ಲೀನ್ ಮಾಡಲ್ಲ ಮೇಡಂ. ಹೀಗೇ ಹಾಕ್ತೀನಿ" ಎಂದ.

ಹಾಗೇ ಹಾಕಿದ. ಎಲ್ಲ ಪ್ರಶ್ನೆಗಳಿಗೂ ಅವಳ ಬಾಲ ಮರಳಿ ಬಂತು. ಆಯಾಸಕ್ಕೆ ಹೌದು ಎಂದು ಒತ್ತಿದವರಿಗೆ ವಿಶ್ರಾಂತಿ ತಗೊಳ್ಳಿ ಎನ್ನುವುದು ನಿಂತು, ಆಶಾ ಕಾರ್ಯಕರ್ತೆಗೆ ತಕ್ಷಣ ಸುದ್ದಿ ಹೋಗತೊಡಗಿತು. ಟ್ಯಾಬಿನ ಪಾಠಗಳಲ್ಲೂ ಸುಸ್ತು ಬೇರೆ, ಆಯಾಸ ಬೇರೆ ಆಯಿತು. ಪರದೆಯ ಡಾಕ್ಟರಿಗೆ ವಿಷಯ ತಿಳಿಸಿದೆವು. ಆಮೇಲೆ ಅವರು ಆಯಾಸ ಎಂದವರನ್ನೆಲ್ಲ ಎದ್ದು ನಡೆದು ತೋರಿಸಿ ಎನ್ನತೊಡಗಿದರಂತೆ. ಬೇಸಿಗೆಯಲ್ಲಿ ಒಬ್ಬ ಬಸುರಿ ಹುಡುಗಿ ಫೋನಿನಲ್ಲಿ ಆಯಾಸದ ಪ್ರಶ್ನೆಗೆ ಒಂದು ಒತ್ತಿದ್ದಕ್ಕೆ ಸಕಾಲದಲ್ಲಿ ಆಸ್ಪತ್ರೆ ಸೇರಿ ಉಳಿದುಕೊಂಡಳು, ಅವಳಿಗೂ ಅದೇ ಕವಾಟದ ತೊಂದರೆ. ಸುದ್ದಿ ತಿಳಿದಾಗ ನನಗೆ ಸಂತೋಷವಾಯಿತು. ಸಮಾಧಾನ ಆಗಲಿಲ್ಲ. ಅಷ್ಟು ಹೊತ್ತಿಗೆ ನನ್ನ ಒಂದು ವರ್ಷದ ಕೆಲಸ ಮುಗಿದಿತ್ತು, ಮಂಡ್ಯಕ್ಕೆ ಹಿಂತಿರುಗಿದೆ.

ಈ ಸಲ ಚಿಂತಾಮಣಿಯಲ್ಲಿ ಒಂದು ಮದುವೆಗೆಂದು ಹೊರಟಿದ್ದೆ. ಆ ವಾಸನೆ ಬಂದ ಮೇಲೆ ಮೇಲೂರಿನಲ್ಲಿ ಇಳಿಯದೆ ಇರಲು ಆಗಲಿಲ್ಲ. ಆಟೋ ಹಿಡಿದು ಹಳ್ಳಿಗೆ ಹೋದೆ. ನಾರಾಯಣಮ್ಮ ಜಗಲಿಯಲ್ಲಿ ಕೂತು ಮೊಮ್ಮಗಳಿಗೆ, ಅಶ್ವತ್ಥಮ್ಮನ ಮಗಳಿಗೆ, ಜಡೆ ಹಾಕುತ್ತಿದ್ದಳು. ನನ್ನನ್ನು ಕಂಡು ಎದ್ದು ಬಂದು ತಬ್ಬಿಕೊಂಡಳು. ಸೊಪ್ಪಿನ ಕೋಣೆ ಹಾಗೇ ಇತ್ತು. ಹೊಸ ಆಶಾ ಕಾರ್ಯಕರ್ತೆ ಅಂಗಳದಲ್ಲಿ ನಿಂತಿದ್ದಳು, ನಮ್ಮ ತರಗತಿಯ ಹುಡುಗಿಯೇ. ನನ್ನ ಹತ್ತಿರ ದೂರು ಹೇಳಿದಳು.

"ನೋಡಿ ಮಿಸ್, ಈ ಅಜ್ಜಿಗೆ ಬಿಪಿ ಐತೆ ಅಂತ ಫೋನ್ ಬರ್ತದೆ. ಒಂದಿನಾನೂ ಒತ್ತಲ್ಲ. ಉತ್ತರ ಇಲ್ಲ ಅಂತ ಪ್ರತಿ ವಾರ ನಾನು ಬರ್ಬೇಕು. ಎಷ್ಟು ಸಲ ಕಲ್ಸಿದೀನಿ, ಬರಲ್ಲ ಅಂತಾರೆ."

ಅವಳು ಬಿಪಿ ನೋಡಿ ಹೋದಳು. ನಾವು ಕಾಫಿ ಕುಡಿಯುತ್ತಿರುವಾಗ ನಾರಾಯಣಮ್ಮನ ಫೋನು ಹೊಡೆದುಕೊಂಡಿತು. ಮೊಮ್ಮಗಳು ಯಾರೂ ಹೇಳದೆಯೇ ಸ್ಪೀಕರ್ ಒತ್ತಿ ಅಜ್ಜಿಯ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಳು. ಆ ದನಿ ಬಂತು. ಮಾತ್ರೆ ನುಂಗಿದ್ಯಾ ಅಮ್ಮಾ ಎಂದು ಕೇಳಿತು. ನಾರಾಯಣಮ್ಮ "ನುಂಗಿದೆ ಕಣೇ" ಎಂದು ಫೋನಿಗೆ ಹೇಳಿದಳು. ಫೋನು ಸುಮ್ಮನಿತ್ತು. ಆಮೇಲೆ ಅದನ್ನೇ ಮತ್ತೆ ಕೇಳಿ, ಮುಂದಿನ ಪ್ರಶ್ನೆಗೆ ಹೋಯಿತು.

"ಆಯಾಸ ಆಗ್ತದಾ? ನಾಕು ಹೆಜ್ಜೆ ಇಟ್ರೆ..."

ಉಸಿರು. ನಾರಾಯಣಮ್ಮ ಕಣ್ಣು ಮುಚ್ಚಿಕೊಂಡಳು.

"...ಮಧ್ಯ ನಿಂತ್ಕೋಬೇಕು ಅನ್ನಿಸ್ತದಾ?"

"ಲೇದಮ್ಮಾ. ನಾಕೇಮೀ ಲೇದು" ಎಂದಳು ತಾಯಿ. ನನಗೇನೂ ಇಲ್ಲ ಕಣಮ್ಮ ಎಂದು.

ಅವಳ ಹೆಬ್ಬೆರಳು ಎರಡರ ಗುಂಡಿಯ ಪಕ್ಕದಲ್ಲೇ ಇತ್ತು. ಕನ್ನಡಕ ಮೂಗಿನ ಮೇಲಿತ್ತು. ಒತ್ತಲು ಬರುವುದಿಲ್ಲ ಎನ್ನುವುದು ಸುಳ್ಳು ಎಂದು ನನಗೆ ತಿಳಿಯಿತು. ನಾನು ಅವಳ ಕಡೆ ನೋಡಿದೆ. ಅವಳು ಫೋನಿನ ಮೇಲಿಂದ ಕಣ್ಣು ತೆಗೆಯದೆ ಮೆತ್ತಗೆ ಹೇಳಿದಳು.

"ಒತ್ತಿದ್ರೆ ಮುಂದಕ್ಕೆ ಹೋಗ್ಬಿಡ್ತಾಳಮ್ಮ. ಒತ್ತದಿದ್ರೆ ಇನ್ನೊಂದು ಸಲ ಕೇಳ್ತಾಳೆ."